ಉರಿಗಾಂನಲ್ಲಿ ಮಾಗಿದ ಕಡಲು

ನನಗೊಂದು ಕೆಟ್ಟ ಅಭ್ಯಾಸವಿದೆ. ದೇವಸ್ಥಾನದಲ್ಲಿ ಅರ್ಚಕರು ಕೈಗೆ ತೀರ್ಥ ಹಾಕಿದರೆ, ಉಳಿದವರಂತೆ ಭಕ್ತಿಯಿಂದ ಬಾಯಿಗೆ ಬಿಟ್ಟುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಮೊದಲು ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸುತ್ತೇನೆ. ಕಳೆದ ವಾರ ಅರ್ಚಕರು ನೋಡಿಯೇಬಿಟ್ಟರು. "ಪಚ್ಚಕರ್ಪೂರ, ತುಳಸಿ. ಇನ್ನೇನೂ ಹಾಕಿಲ್ಲ ಸ್ವಾಮಿ" ಎಂದರು. ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ನಾಸ್ತಿಕತನದ ಮೇಲೆ ಉಪನ್ಯಾಸ ನಡೆಯಿತು. ನಾಸ್ತಿಕನಾಗುವುದಕ್ಕೂ ಒಂದಿಷ್ಟು ಧೈರ್ಯ ಬೇಕು, ನನಗೆ ಅಷ್ಟೂ ಇಲ್ಲ. ನಾನು ಮೂಸುವುದು ಹೆದರಿಕೆಯಿಂದ. ಆ ಹೆದರಿಕೆ ಮೈಗೆ ಹತ್ತಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಐವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ, ಒಂದು ಶನಿವಾರ. ನಿಮಗೆ ಹೇಳಿಬಿಡುತ್ತೇನೆ. ಹೆಂಡತಿಗೆ ಹೇಳಿದರೆ ಎದುರಿಗೇ ನಗುತ್ತಾಳೆ, ನೀವು ನಕ್ಕರೆ ನನಗೆ ಕಾಣುವುದಿಲ್ಲ.

ಅಲ್ಲಿ ಹತ್ತಿತು ಎಂದದ್ದು ಪೂರ್ತಿ ನಿಜವಲ್ಲ. ನಾನು ಹುಟ್ಟಾ ಪುಕ್ಕಲ. ಬೂದಿಕೋಟೆಯ ನಮ್ಮ ಮನೆಯ ಹಿಂದೆ ಒಂದು ಬಾವಿಯಿತ್ತು. ಅದರೊಳಗೆ ಬಗ್ಗಿ ನೋಡಿದರೆ ಕೆಳಗಿನಿಂದ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಎಂದು ನಾನು ಕೂಗಿಕೊಳ್ಳುತ್ತಿದ್ದೆ. ಅದು ನನ್ನದೇ ಮುಖ ಎಂದು ತಿಳಿದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು. ನನ್ನಮ್ಮ ಇದಕ್ಕೆ ತದ್ವಿರುದ್ಧ. ಬಾವಿಗೆ ಬಿದ್ದ ಕೊಡ ತೆಗೆಯಲು ಸೀರೆ ಕಚ್ಚೆ ಹಾಕಿಕೊಂಡು ತಾನೇ ಇಳಿಯುತ್ತಿದ್ದಳು. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಆಮೇಲೆ ಎರಡು ಹಸು ಕಟ್ಟಿಕೊಂಡು, ಒಂದೂವರೆ ಎಕರೆ ರಾಗಿ ಬೆಳೆದುಕೊಂಡು ನನ್ನನ್ನು ಓದಿಸಿದಳು. "ಈ ಮುಂಡೇದು ಅಲ್ಲಿ ಕಂಡ್ರೂ ಎದ್ರಿಕೊಳ್ತದೆ, ಇದನ್ನ ಒಲಕ್ಕೆ ಕಳ್ಸಿ ಏನ್ ಮಾಡ್ಲಿ, ಇಸ್ಕೂಲಿಗೇ ಓಗ್ಲಿ" ಎಂದು ಊರವರಿಗೆಲ್ಲ ಹೇಳುತ್ತಿದ್ದಳಂತೆ. ನನ್ನ ವಿದ್ಯಾಭ್ಯಾಸದ ಮೂಲ ಕಾರಣ ಹಲ್ಲಿ.

ಹೀಗೆ ಓದಿದವನಿಗೆ ಕೆಲಸ ಸಿಕ್ಕಿದ್ದು ಉರಿಗಾಂನ ಒಂದು ಶಾಲೆಯಲ್ಲಿ, ವಿಜ್ಞಾನದ ಮೇಷ್ಟ್ರಾಗಿ. ಗಣಿ ಕೆಲಸಗಾರರ ಮಕ್ಕಳು ಓದುವ ಶಾಲೆ. ಪುಕ್ಕಲನನ್ನು ಇಡಲು ಇದಕ್ಕಿಂತ ಕೆಟ್ಟ ಊರು ಸಿಗಲಾರದು. ನೆಲದ ಕೆಳಗೆ ಮೈಲಿಗಟ್ಟಲೆ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಪಾಠ ಕೇಳುತ್ತಿದ್ದ ಮಕ್ಕಳು ಆಗ ಒಂದೇ ಸಲ ತಲೆ ಎತ್ತಿ, ಕೆಳಗೆ ಗಣಿಯಲ್ಲಿದ್ದ ಅಪ್ಪಂದಿರು ಏನಾದರು ಎಂದು ಕಿವಿಗೊಡುತ್ತಿದ್ದರು. ಸೈರನ್ ಕೂಗದಿದ್ದರೆ ಮತ್ತೆ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಮಾತ್ರ ಆ ಪೀರಿಯಡ್ಡಿನ ಉಳಿದ ಹೊತ್ತು ಮೇಜು ಹಿಡಿದುಕೊಂಡೇ ಪಾಠ ಮಾಡುತ್ತಿದ್ದೆ. ಶಾಲೆಯ ಹಿಂದಕ್ಕೆ ಹೋದರೆ ಸೈನೈಡ್ ದಿಬ್ಬ. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ನೆನೆಸಿ, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮರಳನ್ನು ತಂದು ಸುರಿದು ಸುರಿದು ಬೆಳೆದ ಬಿಳಿ ಗುಡ್ಡ. ಗಾಳಿಯ ದಿನ ಅದರ ಪುಡಿ ಅನ್ನದ ತಟ್ಟೆಗೂ ಬರುತ್ತಿತ್ತು. ಆ ಊರಲ್ಲೇ ಹುಟ್ಟಿದವರು ಊದಿಕೊಂಡು ಉಣ್ಣುತ್ತಿದ್ದರು. ನಾನು ಎದ್ದು ಹೋಗಿ ಕೈ ತೊಳೆಯುತ್ತಿದ್ದೆ.

ಸಮುದ್ರ ಬಂದದ್ದು ಇಂಥ ಊರಿಗೆ. ತಂದವರು ನಮ್ಮ ಹೆಡ್‌ಮಾಸ್ಟರು. ಅವರು ಒಂದು ದಿನ ಆರನೇ ಕ್ಲಾಸಿನಲ್ಲಿ ಸಮುದ್ರ ಅಂದರೆ ಏನು ಎಂದು ಕೇಳಿದರಂತೆ. ಒಬ್ಬ ಹುಡುಗಿ ಎದ್ದು, "ಬೇತಮಂಗಲದ ಕೆರೆಗಿಂತ ಸ್ವಲ್ಪ ದೊಡ್ಡದು ಸಾರ್" ಎಂದಳಂತೆ. ಹೆಡ್‌ಮಾಸ್ಟರಿಗೆ ಆ ರಾತ್ರಿ ಊಟ ಸೇರಲಿಲ್ಲ. "ಇವಂಗ ಅಪ್ಪಂದಿರು ಪಾತಾಳ ನೋಡ್ಕೊಂಡು ಬರ್ತಾರೆ, ಮಕ್ಕಳಿಗೆ ಕಡಲು ಗೊತ್ತಿಲ್ಲ, ಇದು ನಮಗೆ ಅವಮಾನ ಇಲ್ಲವಾ?" ಎಂದು ತಮಿಳು ಬೆರೆತ ಕನ್ನಡದಲ್ಲಿ ನಮ್ಮನ್ನೆಲ್ಲ ಕೇಳಿದರು. ನಾವು ಹೌದು ಎಂದೆವು. ಅವರು ಏನು ಕೇಳಿದರೂ ನಾವು ಹೌದು ಎನ್ನುತ್ತಿದ್ದೆವು. ಅವರ ಭಾವಮೈದುನ ಮದರಾಸಿನಲ್ಲಿ ಮೀನುಗಳ ಬಗ್ಗೆ ಓದಿದವರು, ಮನೆಯಲ್ಲೇ ಉಪ್ಪುನೀರಿನ ಮೀನು ಸಾಕುತ್ತಿದ್ದವರು. ಕಾಗದಗಳು ಓಡಾಡಿದವು. ಕಬ್ಬಿಣದ ಚೌಕಟ್ಟಿಗೆ ದಪ್ಪ ಗಾಜು ಕೂರಿಸಿದ ನಾಲ್ಕಡಿ ಉದ್ದದ ತೊಟ್ಟಿ ತಯಾರಾಯಿತು. ಅದನ್ನು ವಿಜ್ಞಾನದ ಕೋಣೆಯಲ್ಲಿ ಇಟ್ಟರು. ಕೋಣೆ ನನ್ನದಾದ್ದರಿಂದ ಕಡಲೂ ನನ್ನ ತಲೆಗೆ ಬಂತು.

ನೀರು ಬಂದದ್ದು ಮದರಾಸಿನ ರೈಲಿನಲ್ಲಿ. ಬೆತ್ತದ ಬುಟ್ಟಿಯೊಳಗೆ ಕೂರಿಸಿದ ಹೊಟ್ಟೆ ದಪ್ಪನೆಯ ಗಾಜಿನ ಬುಡ್ಡಿಗಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನ್ನು ಇಳಿಸಿ ಗಣಿಯ ಕಡೆಯ ರೈಲಿಗೆ ಹತ್ತಿಸಬೇಕು. ಗಣಿಗೆ ಆಸಿಡ್ ಬರುವುದು ಅಂಥವೇ ಬುಡ್ಡಿಗಳಲ್ಲಿ, ಹಾಗಾಗಿ ಪೋರ್ಟರುಗಳು ಮುಟ್ಟುವುದಿಲ್ಲ ಎಂದು ದೂರ ನಿಂತರು. ಬರೀ ಸಮುದ್ರದ ನೀರು ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಸಮುದ್ರದ ನೀರನ್ನು ಯಾವ ಹುಚ್ಚ ರೈಲಿನಲ್ಲಿ ತರಿಸುತ್ತಾನೆ? ಕೊನೆಗೆ ಒಂದು ಬುಡ್ಡಿಯ ಬಿರಡೆ ತೆಗೆದು, ಬೆರಳದ್ದಿ, ನಾಲಿಗೆಗೆ ಇಟ್ಟು ತೋರಿಸಿದೆ. ಆ ಕ್ಷಣದಲ್ಲಿ, ಯಾರಿಗೆ ಗೊತ್ತು, ಇದರಲ್ಲೊಂದು ಆಸಿಡ್ಡೇ ಆಗಿದ್ದರೆ ಎಂದು ನನಗೂ ಅನಿಸಿ ಆ ಕಡೆ ತಿರುಗಿ ಉಗುಳಿದೆ.

ನೀರಿನ ಜೊತೆ ಒದ್ದೆ ಗೋಣಿಯಲ್ಲಿ ಸುತ್ತಿದ ಹವಳದ ಕಲ್ಲುಗಳೂ ಬಂದವು, ತೂತು ತೂತು, ಮೈಯೆಲ್ಲ ಪಾಚಿ. ಜೊತೆಗೊಂದು ಉದ್ದನೆಯ ಕಾಗದ. ಅದನ್ನು ಹೆಡ್‌ಮಾಸ್ಟರು ನನ್ನಿಂದ ಎರಡು ಸಲ ಓದಿಸಿದರು. ಸಾರಾಂಶ ಇಷ್ಟು. ಹೊಸ ತೊಟ್ಟಿಯ ನೀರು ಹಸಿ ನೀರು. ಅದು ಮಾಗಬೇಕು. ತಳಕ್ಕೆ ನುಣ್ಣನೆ ಮರಳು ಹಾಕಿ, ಕಲ್ಲು ಜೋಡಿಸಿ, ಒಂದು ಸೀಗಡಿ ಬಿಸಾಕಿ ಕೊಳೆಯಲು ಬಿಡಿ. ಮೊದಲು ನೀರೆಲ್ಲ ಅಮೋನಿಯಾ ತುಂಬಿ ನಂಜಾಗುತ್ತದೆ. ಆಮೇಲೆ ಆ ನಂಜನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಗಳು ಕಲ್ಲು ಮರಳಿನಲ್ಲಿ ಹುಟ್ಟಿಕೊಳ್ಳುತ್ತವೆ. ಅವು ಬಿಟ್ಟದ್ದೂ ನಂಜೇ, ಅದನ್ನು ತಿನ್ನಲು ಇನ್ನೊಂದು ಜಾತಿ ಬರುತ್ತದೆ. ಅವೆರಡೂ ಬಂದು ನೆಲೆ ನಿಂತ ಮೇಲೆ, ಐದೋ ಆರೋ ವಾರಕ್ಕೆ, ಮೀನು ಬಿಡಬಹುದು. ಅಲ್ಲಿಯವರೆಗೆ ಅವಸರ ಮಾಡಬೇಡಿ. 'ಅವಸರ ಮಾಡಬೇಡಿ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಕಲ್ಲುಗಳನ್ನು ತೊಳೆಯುವಾಗ ಒಂದು ತೂತಿನಿಂದ ಬೆರಳುದ್ದದ ಕಂದು ಮೀನೊಂದು ಹೊರಗೆ ಬಿತ್ತು. ಚೆಲುವಿಲ್ಲ, ಬಣ್ಣವಿಲ್ಲ, ದಪ್ಪ ತುಟಿ. ಮದರಾಸಿನಿಂದ ಟಿಕೆಟ್ಟಿಲ್ಲದೆ ಬಂದದ್ದು. ಅದನ್ನು ಬೇರೆ ಜಾಡಿಯಲ್ಲಿ, ಬುಡ್ಡಿಯಲ್ಲಿ ಉಳಿದ ನೀರಿನಲ್ಲಿ ಇಟ್ಟು, ದಿನಾ ನೀರು ಬದಲಾಯಿಸುತ್ತಾ, ತೊಟ್ಟಿ ಮಾಗುವ ತನಕ ಕಾಯಬೇಕೆಂದಾಯಿತು. ಮರಳು ಮಾತ್ರ ಬಂದಿರಲಿಲ್ಲ. ಬೇತಮಂಗಲದ ಹತ್ತಿರ ಪಾಲಾರಿನಿಂದ ಒಂದು ಮೂಟೆ ನುಣ್ಣನೆ ಬಿಳಿ ಮರಳು ತಂದುಬಿಡು ಎಂದು ಶಾಲೆಯ ಜವಾನ ಕುಪ್ಪಣ್ಣನಿಗೆ ಹೇಳಿದೆ. ಅವನು ಮಾರನೆಯ ದಿನವೇ ತಂದ. ಎಷ್ಟು ಚೆನ್ನಾಗಿತ್ತೆಂದರೆ, ಇಂಥ ಮರಳನ್ನು ಹೊಳೆಯಲ್ಲಿ ಹೇಗೆ ಹುಡುಕಿದೆಯಪ್ಪಾ ಎಂದು ನಾನೇ ಬೆನ್ನು ತಟ್ಟಿದೆ. ಕುಪ್ಪಣ್ಣ ಸಂಕೋಚದಿಂದ ನಕ್ಕ. ಅದು ಸಂಕೋಚ ಎಂದೇ ನಾನು ತಿಳಿದುಕೊಂಡೆ.

ಹಾಗೆ ಶುರುವಾಯಿತು ಕಾಯುವುದು. ಮಕ್ಕಳು ಸರದಿಯ ಮೇಲೆ ಲಾರಿಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುವರು. ಅದರ ಬಾಯಿಗೆ ಕಟ್ಟಿದ ಸಣ್ಣ ನಳಿಕೆಯಿಂದ ತೊಟ್ಟಿಯಲ್ಲಿ ಗುಳ್ಳೆ ಏಳುವುದು. ನಾನು ದಿನಾ ಒಂದು ಪ್ರನಾಳದಲ್ಲಿ ನೀರು ತೆಗೆದು, ಅಮೋನಿಯಾ ಇದ್ದರೆ ಹಳದಿಯಾಗುವ ಔಷಧಿಯ ನಾಲ್ಕು ತೊಟ್ಟು ಬಿಟ್ಟು, ಬಣ್ಣ ಎಷ್ಟೆಂದು ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುವೆ. ತಿಳಿ ಹಳದಿ, ಹಳದಿ, ಕಡು ಹಳದಿ. ನೀರು ಮಂಕಾಯಿತು, ಮೇಲೆ ನೊರೆ ಕಟ್ಟಿತು, ಸೀಗಡಿ ನೂಲು ನೂಲಾಗಿ ಬಿಚ್ಚಿಕೊಂಡಿತು. ಸಮುದ್ರ ನೋಡಲು ಬಂದ ಮಕ್ಕಳು ಮೂಗು ಮುಚ್ಚಿಕೊಂಡು ಹೋದರು. ಹೆಡ್‌ಮಾಸ್ಟರು ಮಾತ್ರ ದಿನಾ ಬಂದು ಆ ಕೊಳಚೆಯ ಮುಂದೆ ಕೈಕಟ್ಟಿ ನಿಂತು, "ಆಗಲಿ, ಆಗಲಿ" ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಶನಿವಾರ. ಬೆಳಿಗ್ಗೆ ಸ್ಕೂಲು ಬಿಡುವ ಹೊತ್ತಿಗೆ ಬೂದಿಕೋಟೆಯಿಂದ ಅಮ್ಮ ಬಂದಳು. ಬಂಗಾರಪೇಟೆಯ ತನಕ ಬಸ್ಸು, ಅಲ್ಲಿಂದ ಉರಿಗಾಂಗೆ ರೈಲು. ಚೀಲದಲ್ಲಿ ರಾಗಿಹಿಟ್ಟು, ಅವರೆಕಾಳು. ಜೊತೆಗೆ ಬೆಳಗಿ ಫಳಫಳ ಹೊಳೆಯುತ್ತಿದ್ದ ಒಂದು ಹಿತ್ತಾಳೆ ಚೊಂಬು. ಚೊಂಬು ಯಾಕೆ ಎಂದು ಕೇಳಿದೆ.

"ಸಮುದ್ರ ಬಂದೈತಂತಲ್ಲ ನಿಮ್ ಇಸ್ಕೂಲಿಗೆ, ನೀನೇ ಕಾಗ್ದ ಬರ್ದಿದ್ದೆ. ತೋರ್ಸು ಮತ್ತೆ."

ಇದರ ಹಿಂದೆ ಒಂದು ಕತೆಯಿದೆ. ನನ್ನ ದೊಡ್ಡಮ್ಮ ಹಿಂದಿನ ವರ್ಷ ರಾಮೇಶ್ವರಕ್ಕೆ ಹೋಗಿಬಂದು, ಒಂದು ಚೊಂಬು ಸಮುದ್ರದ ನೀರು ತಂದು, ಬೀದಿಯವರಿಗೆಲ್ಲ ಒಂದೊಂದು ಉದ್ಧರಣೆ ತೀರ್ಥ ಹಂಚಿದ್ದಳು. ಆ ದಿನ ಬೀದಿಯಲ್ಲಿ ಅವಳದೇ ದರ್ಬಾರು. ಅಮ್ಮನ ಕೈಗೆ ತೀರ್ಥ ಹಾಕುವಾಗ, "ನಿಂಗೆ ಓಗಕ್ಕೆ ಎಲ್ಲಾಯ್ತದೆ, ತಗೋ" ಎಂದಿದ್ದಳಂತೆ. ಅಮ್ಮ ಅದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ವಿಜ್ಞಾನದ ಕೋಣೆಗೆ ಕರೆದುಕೊಂಡು ಹೋಗುವಾಗ ಅಷ್ಟಿಷ್ಟು ಬಾಯಿಬಿಟ್ಟಳು.

ತೊಟ್ಟಿಯ ಮುಂದೆ ಅಮ್ಮ ಚಪ್ಪಲಿ ಬಿಟ್ಟು ನಿಂತಳು. ನೀರು ಮಂಕಾಗಿದೆ, ವಾಸನೆ ಇದೆ, ಇನ್ನೂ ಮಾಗಿಲ್ಲ ಎಂದು ನಾನು ವಿವರಿಸುತ್ತಲೇ ಇದ್ದೆ. "ಸಮುದ್ರ ಅಂದ್ಮೇಲೆ ವಾಸ್ನೆ ಇರಲ್ವೇನ್ಲಾ? ದೊಡ್ಡಮ್ಮನೂ ಏಳ್ತಿದ್ಲು" ಎಂದು ಕೈ ಅದ್ದಿ, ತಲೆಗೆ ಪ್ರೋಕ್ಷಣೆ ಮಾಡಿಕೊಂಡು, ನಾನು ಬೇಡಮ್ಮಾ ಎನ್ನುವಷ್ಟರಲ್ಲಿ ಬೊಗಸೆಯಲ್ಲಿ ತೆಗೆದು ಮೂರು ಗುಟುಕು ಕುಡಿದೇಬಿಟ್ಟಳು. ಮುಖ ಕಿವುಚಿತು. "ಒಳ್ಳೆ ಉಪ್ಪೈತೆ" ಎಂದಳು ತೃಪ್ತಿಯಿಂದ. ಆಮೇಲೆ ಚೊಂಬನ್ನು ಮುಳುಗಿಸಿ ಕಂಠದ ತನಕ ತುಂಬಿದಳು, ಬಾಳೆ ಎಲೆ ಮುಚ್ಚಿ ದಾರ ಕಟ್ಟಿದಳು. ಕೊಳೆತ ಸೀಗಡಿಯ ತೀರ್ಥ ನಾಳೆ ನಮ್ಮ ಬೀದಿಯಲ್ಲಿ ಹಂಚಿಕೆಯಾಗುತ್ತದಲ್ಲಾ ಎಂದು ನನಗೆ ಒಳಗೊಳಗೇ ನಗು. ಸೀಗಡಿಯ ಸುದ್ದಿ ಹೇಳುವ ಧೈರ್ಯವಾಗಲಿಲ್ಲ. ಸಾಯಂಕಾಲದ ರೈಲಿಗೆ ವಾಪಸು ಹೋಗುತ್ತೇನೆ, ಅಷ್ಟರಲ್ಲಿ ನಿನಗೊಂದಿಷ್ಟು ಮುದ್ದೆ ಸಾರು ಮಾಡಿಡುತ್ತೇನೆ ಎಂದು ಅಮ್ಮ ಬೀಗದ ಕೈ ಇಸಿದುಕೊಂಡು ನನ್ನ ಕೋಣೆಗೆ ಹೋದಳು.

ಬಾಗಿಲಲ್ಲಿ ಕುಪ್ಪಣ್ಣ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಸಾರ್, ಅಮ್ಮಾ ಅವ್ರು ಆ ತಣ್ಣಿ ಕುಡ್ದ್ಬಿಟ್ರಾ?"

"ಕುಡಿದರು. ಯಾಕೆ?"

"ಸಾರ್, ಬೈಬೇಡಿ. ಆ ಮರಳು ಪಾಲಾರ್ದಲ್ಲ. ಅವತ್ತು ನನ್ ಹೆಂಡ್ತಿಗೆ ಮೈ ಹುಷಾರಿರ್ಲಿಲ್ಲ, ಬೇತಮಂಗಲ ಹೋಗೋಕ್ಕಾಗ್ಲಿಲ್ಲ. ಇಲ್ಲೇ ಸೈನೈಡ್ ದಿಬ್ಬದಿಂದ ಎತ್ಕೊಂಡು ಬಂದೆ. ಹೊಸದಾಗಿ ಸುರಿದಿದ್ರು, ಒಳ್ಳೆ ನುಣ್ಣಗಿತ್ತು. ಮೀನಿಗೆ ತಾನೇ ಅಂದ್ಕೊಂಡೆ."

ಅವನ ತಪ್ಪೇನು ಹೇಳಿ? ಆ ಊರಿನಲ್ಲಿ ಕಣ್ಣೆದುರಿಗೆ ಗುಡ್ಡದಷ್ಟು ಬಿಳಿ ಮರಳು ಬಿದ್ದಿರುವಾಗ ಮೂಟೆ ಹೊತ್ತುಕೊಂಡು ಹೊಳೆಗೆ ಹೋಗುವವನೇ ಪೆದ್ದ. ಆದರೆ ನನಗೆ ಅವತ್ತು ಇದೆಲ್ಲ ಹೊಳೆಯಲಿಲ್ಲ. 'ಹೊಸದಾಗಿ ಸುರಿದಿದ್ದರು' ಎಂಬ ಮಾತೊಂದೇ ಕಿವಿಯಲ್ಲಿ ಉಳಿಯಿತು. ಅಲ್ಲೇ ಬೆಂಚಿನ ಮೇಲೆ ಕೂತೆ.

ಸೈನೈಡ್ ಇದ್ದರೆ ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಬರೆಸಿಯೂ ಇದ್ದೆ. ತೊಟ್ಟಿಗೆ ಮೂಗು ಇಟ್ಟೆ. ಕೊಳೆತ ಸೀಗಡಿಯ ವಾಸನೆ. ಅದರ ಹಿಂದೆ ಬಾದಾಮಿ ಇದೆಯೇ? ಆಗ ನೆನಪಾಯಿತು, ನಾನು ಹುಟ್ಟಿದ ಮೇಲೆ ಬಾದಾಮಿ ತಿಂದವನೇ ಅಲ್ಲ. ಬೂದಿಕೋಟೆಯಲ್ಲಿ ನಾವು ಕಂಡದ್ದು ಕಡಲೆಕಾಯಿ. ಸಿಹಿ ಬಾದಾಮಿಯೇ ಗೊತ್ತಿಲ್ಲದವನಿಗೆ ಕಹಿ ಬಾದಾಮಿ ಹೇಗೆ ಗೊತ್ತಾಗಬೇಕು? ಆದರೂ ಮೂಸಿದೆ, ಮತ್ತೆ ಮೂಸಿದೆ, ತಲೆ ಸುತ್ತುವ ತನಕ ಮೂಸಿದೆ. ತಲೆ ಸುತ್ತಿದ್ದು ಸೈನೈಡಿನಿಂದಲೇ ಎಂದು ಖಾತ್ರಿಯಾಯಿತು.

ಆಗ ಮಾಡಿದೆ ನೋಡಿ ಒಂದು ಬುದ್ಧಿವಂತ ಕೆಲಸ. ಜಾಡಿಯಲ್ಲಿದ್ದ ಆ ದಪ್ಪ ತುಟಿಯ ಮೀನನ್ನು ತೊಟ್ಟಿಗೆ ಬಿಟ್ಟೆ. ಅದು ಬದುಕಿದರೆ ಅಮ್ಮನೂ ಬದುಕುತ್ತಾಳೆ. ಇದು ವಿಜ್ಞಾನದ ಮೇಷ್ಟ್ರ ಲೆಕ್ಕ. ಕುಪ್ಪಣ್ಣನೂ ನಾನೂ ಸ್ಟೂಲು ಎಳೆದುಕೊಂಡು ಗಾಜಿನ ಮುಂದೆ ಕೂತೆವು. ಮೀನು ಮೊದಲು ಕಲ್ಲಿನ ಸುತ್ತ ಓಡಾಡಿತು. ಆಮೇಲೆ ಮೇಲಕ್ಕೆ ಬಂತು. ಬಾಯಿ ತೆರೆದು ತೆರೆದು ಮುಚ್ಚಿತು. ಕಿವಿರು ಕೆಂಪಗಾಯಿತು. ಕುಪ್ಪಣ್ಣ ಮುರುಗನನ್ನು ಕರೆಯುತ್ತಿದ್ದ, ನಾನು ಗೊತ್ತಿದ್ದ ದೇವರುಗಳನ್ನೆಲ್ಲ ಕರೆಯುತ್ತಿದ್ದೆ. ಎರಡು ಗಂಟೆ ಹೊಡೆಯುವ ಹೊತ್ತಿಗೆ ಮೀನು ಒಂದು ಮಗ್ಗುಲಿಗೆ ವಾಲಿ, ಹೊಟ್ಟೆ ಮೇಲೆ ಮಾಡಿ ಸುಮ್ಮನಾಯಿತು.

ಹನ್ನೆರಡು ದಿನದ ಲೆಕ್ಕ ಅಲ್ಲೇ ಕಪ್ಪು ಹಲಗೆಯ ಮೇಲಿತ್ತು, ಕೊನೆಯ ಸಾಲಿನಲ್ಲಿ ನನ್ನದೇ ಅಕ್ಷರದಲ್ಲಿ 'ಕಡು ಹಳದಿ' ಎಂದು ಬರೆದಿತ್ತು. ಆ ನೀರಿಗೆ ಯಾವ ಮೀನು ಬಿಟ್ಟರೂ ಸಾಯುತ್ತದೆ, ಮದರಾಸಿನವರು ಎರಡು ಗೆರೆ ಎಳೆದು ಹೇಳಿದ್ದೇ ಅದನ್ನು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಹೆದರಿದವನಿಗೆ ಓದು ಬರಹ ಮರೆತುಹೋಗುತ್ತದೆ.

ಒಂದು ಸೀಸೆಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಓಡಿದೆ. ನನ್ನ ಸ್ನೇಹಿತ ರಂಗ ಗಣಿಯ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ. ಅದಿರಿನಲ್ಲಿ ಚಿನ್ನ ಎಷ್ಟು, ನೀರಿನಲ್ಲಿ ಸೈನೈಡ್ ಎಷ್ಟು ಎಂದು ನೋಡುವುದೇ ಅವನ ಉದ್ಯೋಗ. ಬಂಗಾರಪೇಟೆಯವನು, ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ಬಾಗಿಲ ಹೊರಗೇ ಅವನ ಕೈಗೆ ಸೀಸೆ ಕೊಟ್ಟು ಸಂಗತಿ ಹೇಳಿದೆ. ನಿಮ್ಮ ಹತ್ತಿರ ಸುಳ್ಳು ಹೇಳಬಾರದು, ಅಮ್ಮ ಕುಡಿದದ್ದನ್ನು ಅವನಿಗೆ ಹೇಳಲಿಲ್ಲ. ಮರಳಿನ ವಿಷಯ, ಮೀನು ಸತ್ತದ್ದು, ಇಷ್ಟೇ ಹೇಳಿದೆ. ಸಾಯಂಕಾಲ ಅಮ್ಮನನ್ನು ಬಸ್ಸು ಹತ್ತಿಸಲು ಬಂಗಾರಪೇಟೆಗೆ ಬರುತ್ತೇನೆ ಎಂದೂ ಸೇರಿಸಿದೆ. "ಈಗ ಕೈತುಂಬ ಕೆಲ್ಸ ಐತೆ ಕಣೋ. ಶಿಫ್ಟ್ ಮುಗಿಯೋದ್ರೊಳಗೆ ನೋಡ್ತೀನಿ. ನೀನು ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿರು, ನಿನ್ನ ಹಿಂದೆ ಬರೋ ರೈಲಿಗೆ ಬತ್ತೀನಿ" ಎಂದ. ಮೀನಿಗೆ ಇಷ್ಟು ಅವಸರ ಯಾಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಅಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಿತ್ತು. ನಿಜ. ಓಡಿದ್ದರೆ ಡಾಕ್ಟರು ಕೇಳುತ್ತಿದ್ದರು, ಹೆಡ್‌ಮಾಸ್ಟರು ಕೇಳುತ್ತಿದ್ದರು, ಪೊಲೀಸಿನವರು ಕೇಳುತ್ತಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಷ್ಟು ಹೊತ್ತು ಏನೂ ಆಗದಿದ್ದರೆ ಇನ್ನು ಆಗುವುದಿಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಸ್ವಲ್ಪವೇ ಇದ್ದರೆ ನಿಧಾನಕ್ಕೆ ಕೊಲ್ಲುತ್ತದೆಯೋ ಏನೋ ಎಂದು ಇನ್ನೊಂದು ಮೂಲೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ಬಾವಿಯಲ್ಲಿ ಮುಖ ಕಂಡು ಕೂಗಿಕೊಳ್ಳುತ್ತಿದ್ದವನಿಗೆ ಈಗ ಕೂಗಲೂ ಹೆದರಿಕೆ.

ಕೋಣೆಗೆ ಹೋದರೆ ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಬಡಿಸಿದ್ದನ್ನು ತಟ್ಟೆಯಲ್ಲೇ ಬಿಟ್ಟೆ. ಅವಳ ತುಟಿ ನೀಲಿಯಾಗಿದೆಯೇ, ಉಸಿರು ಜೋರಾಗಿದೆಯೇ ಎಂದು ನೋಡುತ್ತಾ ಕೂತೆ. "ಯಾಕ್ಲಾ ನಾಣಿ, ಅಂಗೆ ನೋಡ್ತಿದ್ದೀಯ, ನಾನೇನು ಇವತ್ತೇ ಉಟ್ಟಿದ್ನಾ?" ಎಂದಳು. ಚೊಂಬು ದೇವರ ಪಟದ ಮುಂದೆ ಕೂತಿತ್ತು. ಅದನ್ನು ಅಲ್ಲೇ ಬಿಟ್ಟುಹೋಗಮ್ಮ, ನಾನು ಆಮೇಲೆ ತರುತ್ತೇನೆ ಎಂದೆ. "ನೀನು ತರೋದು ನಾನು ಕಾಣೆನಾ" ಎಂದು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಬಂಗಾರಪೇಟೆಯ ತನಕ ನಾನೂ ಬರುತ್ತೇನೆ ಎಂದಾಗ ಅವಳ ಮುಖ ಅರಳಿತು. ಮಗ ತನ್ನನ್ನು ಕಳಿಸಲು ಬರುವುದು ಅದೇ ಮೊದಲು.

ರೈಲಿನಲ್ಲಿ ಅಮ್ಮ ಕಿಟಕಿಯ ಪಕ್ಕ, ಚೊಂಬು ತೊಡೆಯ ಮೇಲೆ, ಎರಡು ಕೈಯೂ ಅದರ ಮೇಲೆ. ನಾನು ಪಕ್ಕದಲ್ಲಿ. ರೈಲು ಹೊರಟು ಸ್ವಲ್ಪ ಹೊತ್ತಿಗೆ ಅಮ್ಮ ಹೊಟ್ಟೆ ಒತ್ತಿಕೊಂಡಳು.

"ಒಟ್ಟೆಯಾಗೆ ಯಾಕೋ ಗುಳುಗುಳು ಅಂತೈತೆ ಕಣ್ಲಾ."

ನಾನು ಅವಳ ಕಡೆ ಪೂರ್ತಿ ತಿರುಗಿದೆ. "ನೋವಿದೆಯಾ? ತಲೆ ಸುತ್ತುತ್ತಾ?"

"ಅವ್ರೆಕಾಳು ಒಸಿ ಜಾಸ್ತಿ ತಿಂದ್ನೇನೋ" ಎಂದು ಅಮ್ಮ ತೇಗಿದಳು. ನಾನು ಆ ತೇಗನ್ನೂ ಮೂಸಿದೆ.

ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಕೂಸು. ಕೂಸು ಜ್ವರದಲ್ಲಿ ಕುಂಯ್ ಎನ್ನುತ್ತಿತ್ತು. ಅವಳು ಅಮ್ಮನ ಚೊಂಬನ್ನೇ ನೋಡುತ್ತಿದ್ದು ಕೊನೆಗೆ, "ಅದೇನಮ್ಮಾ ಅಷ್ಟು ಜ್ವಾಪಾನವಾಗಿ ಇಟ್ಕೊಂಡಿದ್ದೀಯ?" ಎಂದು ಕೇಳಿದಳು. ಇಂಥ ಪ್ರಶ್ನೆಗಾಗಿಯೇ ಅಮ್ಮ ಬೆಳಗಿನಿಂದ ಕಾಯುತ್ತಿದ್ದಳು.

"ಸಮುದ್ರದ ತೀರ್ಥ ಕಣಮ್ಮ. ನನ್ ಮಗನ ಇಸ್ಕೂಲಿನಾಗೆ ಸಮುದ್ರಾನೇ ತರ್ಸವ್ರೆ. ಇವ್ನೇ ನೋಡ್ಕೊಳ್ಳೋದು."

"ನಮ್ ಕೂಸಿಗೆ ಮೂರು ದಿನದಿಂದ ಜರ ಇಳೀತಾನೇ ಇಲ್ಲ. ಒಂದ್ ತೊಟ್ಟು ನಾಲ್ಗೆಗಾಕಮ್ಮಾ, ನಿನ್ ಕೈ ಒಳ್ಳೇದು."

ಅಮ್ಮ ಆಗಲೇ ದಾರದ ಗಂಟು ಬಿಚ್ಚುತ್ತಿದ್ದಳು. ಬಾಳೆ ಎಲೆ ತೆಗೆದಳು. ಬೆರಳದ್ದಿದಳು. ಕೂಸು ಬಾಯಿ ಬಿಟ್ಟಿತ್ತು. ನನ್ನ ಕಣ್ಣಿಗೆ ಕಂಡದ್ದು ಆ ಮೀನಿನ ಬಾಯಿ, ತೆರೆದು ತೆರೆದು ಮುಚ್ಚುತ್ತಿದ್ದದ್ದು. ನಾನು ಎದ್ದೆ. ರೈಲು ಜೋಲಿ ಹೊಡೆದು ಆಯತಪ್ಪಿದವನ ಹಾಗೆ ಮುಗ್ಗರಿಸಿ, ಮೊಣಕಾಲಿನಿಂದ ಚೊಂಬಿಗೆ ಒದ್ದೆ. ಸರಿಯಾಗಿಯೇ ಒದ್ದೆ. ಚೊಂಬು ಹಾರಿ ಕೆಳಗೆ ಬಿದ್ದು, ಉರುಳಿ, ಅಮ್ಮನ ಸಮುದ್ರ ಬೋಗಿಯ ತುಂಬಾ ಹರಿಯಿತು. ಅಮ್ಮನ ಒದ್ದೆ ಬೆರಳನ್ನು ಗಟ್ಟಿಯಾಗಿ ಹಿಡಿದು ನನ್ನ ಅಂಗಿಗೆ ಒರೆಸಿದೆ.

ಅಮ್ಮ ನನ್ನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಬಗ್ಗಿ, ಸೆರಗಿನ ತುದಿಯನ್ನು ನೆಲದ ನೀರಿಗೆ ಅದ್ದಿ ಕಣ್ಣಿಗೊತ್ತಿಕೊಂಡಳು. ಖಾಲಿ ಚೊಂಬನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಬಂಗಾರಪೇಟೆ ಬರುವ ತನಕ ತಿರುಗಿಯೇ ಇದ್ದಳು. ನಾನು ಅವಳ ಬೆನ್ನು ಏರಿ ಇಳಿಯುವುದನ್ನು ಎಣಿಸುತ್ತಿದ್ದೆ. ಉಸಿರು ಇದೆ, ಇನ್ನೊಂದು ಇದೆ, ಇನ್ನೊಂದು ಇದೆ.

ಬಸ್‌ಸ್ಟ್ಯಾಂಡಿನಲ್ಲಿ ಬೂದಿಕೋಟೆಯ ಬಸ್ಸು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ. ಅಮ್ಮ ಹತ್ತಿ ಕೂತಳು. ನಾನು ಕ್ಷಣಕ್ಕೊಮ್ಮೆ ಸ್ಟೇಷನ್ನಿನ ಕಡೆ ನೋಡುತ್ತಾ ಕಿಟಕಿಯ ಹೊರಗೆ ನಿಂತಿದ್ದೆ. ರಂಗ ಬರದೆ ಬಸ್ಸು ಹೊರಟರೆ ಹಿಂದೆಯೇ ಹತ್ತಿಬಿಡುವುದು ಎಂದುಕೊಂಡೆ. ಹತ್ತಿ ಏನು ಮಾಡುವುದು ಎಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ರಂಗ ಬಂದ, ಟಿಫನ್ ಕ್ಯಾರಿಯರ್ ಆಡಿಸುತ್ತಾ, ಸಿನಿಮಾ ನೋಡಿಕೊಂಡು ಬಂದವನ ಹಾಗೆ ನಿಧಾನವಾಗಿ.

"ಬೆಳ್ಳಿಯ ಔಷಧಿ ಒಂದೇ ಹನಿ ಬಿಟ್ಟೆ, ಹಾಲಿನಂಗೆ ಬೆಳ್ಳಗಾಯ್ತು ಮಾರಾಯ. ಸೈನೈಡ್ ಇದ್ದಿದ್ರೆ ತಿಳಿಯಾಗೇ ಇರ್ತಿತ್ತು. ಒಂದ್ ಚೂರೂ ಇಲ್ಲ. ಆ ಮರಳಿನಲ್ಲಿ ಇದ್ದದ್ದೆಲ್ಲ ಬಿಸಿಲಿಗೆ, ಗಾಳಿಗೆ ಹೋಗಿರ್ತದೆ. ಅಲ್ಲ ಕಣೋ, ಹನ್ನೆರಡು ದಿನ ಸೀಗಡಿ ಕೊಳೆಸಿದ ನೀರಿಗೆ ಮೀನು ಬಿಟ್ಟು, ಸತ್ತೋಯ್ತು ಅಂತ ನನ್ ಹತ್ರ ಬತ್ತೀಯಲ್ಲ, ನೀನು ಮಕ್ಕಳಿಗೆ ಏನು ಪಾಠ ಮಾಡ್ತೀಯೋ?"

ಅವನ ಭುಜ ಹಿಡಿದುಕೊಂಡು ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಅಮ್ಮ, ತೊಡೆಯ ಮೇಲೆ ಖಾಲಿ ಚೊಂಬು. ಹೋಗಿಬರುತ್ತೇನೆ ಎಂದು ಹೇಳಲಿಲ್ಲ.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಭಾನುವಾರ ನಾನೂ ಕುಪ್ಪಣ್ಣನೂ ಬೇತಮಂಗಲಕ್ಕೆ ಹೋಗಿ ಪಾಲಾರಿನ ಮರಳು ತಂದು, ಯಾರಿಗೂ ಹೇಳದೆ ಬದಲಾಯಿಸಿದೆವು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಿದ್ದರೂ ನನಗೆ ನೆಮ್ಮದಿ ಇರಲಿಲ್ಲ. ಎಲ್ಲ ಕದಡಿ ಹೋಗಿ ನೀರು ಮತ್ತೆ ಮೊದಲಿನಿಂದ ಮಾಗಬೇಕಾಯಿತು. ಐದು ವಾರ ಹೋಗಿ ಎಂಟು ವಾರವಾಯಿತು. ಹೆಡ್‌ಮಾಸ್ಟರು ದಿನಾ ಬಂದು ಕೈಕಟ್ಟಿ ನಿಂತು, "ಯಾಕಪ್ಪಾ ಇಷ್ಟು ಲೇಟು?" ಎನ್ನುವರು. ಉರಿಗಾಂನ ಹವೆ ಸಾರ್, ಎನ್ನುವೆ. ದಪ್ಪ ತುಟಿಯ ಮೀನು ಜಾಡಿಯಿಂದ ಹಾರಿ ಬೆಕ್ಕಿನ ಪಾಲಾಯಿತು ಎಂದು ಹೇಳಿದ್ದೆ. ಕೊನೆಗೊಂದು ದಿನ ಔಷಧಿಯ ತೊಟ್ಟು ಬಿಟ್ಟರೂ ನೀರು ಹಳದಿಯಾಗಲಿಲ್ಲ. ಕಲ್ಲಿನ ಮೇಲೆ ಹಸುರು ಮೂಡಿತ್ತು, ನೀರು ಗಾಜಿನಷ್ಟೇ ತಿಳಿಯಾಗಿತ್ತು. ಮದರಾಸಿನಿಂದ ಪಟ್ಟೆ ಪಟ್ಟೆಯ ನಾಲ್ಕು ಮೀನು ಬಂದವು. ಆರನೇ ಕ್ಲಾಸಿನ ಆ ಹುಡುಗಿ ಗಾಜಿಗೆ ಮೂಗು ಒತ್ತಿ ಎಷ್ಟು ಹೊತ್ತು ನಿಂತಳೋ. ಅಮ್ಮನಿಗೆ ಬಾ ಎಂದು ಕಾಗದ ಬರೆದೆ. ಹಸು ಈದಿದೆ, ಆಗುವುದಿಲ್ಲ ಎಂದು ಬರೆಸಿ ಕಳಿಸಿದಳು. ಮತ್ತೊಂದು ಸಲ ಬರೆದೆ. ರಾಗಿ ಕೊಯ್ಲು ಎಂದಳು.

ಐದಾರು ವರ್ಷ ಹಾಗೇ ಕಳೆಯಿತು. ಊರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಸಮುದ್ರದ ಮಾತು ಇಬ್ಬರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಹಾಲು ಕರೆಯುತ್ತಿದ್ದಳು, ನಾನು ಕರುವನ್ನು ಹಿಡಿದುಕೊಂಡು ನಿಂತಿದ್ದೆ. ದೊಡ್ಡಮ್ಮ ಮತ್ತೆ ಯಾತ್ರೆಗೆ ಹೊರಟಿದ್ದಾಳೆ ಎಂದು ಅಮ್ಮ ಹೇಳಿದಳು. ಕರೆಯುತ್ತಲೇ, ತಲೆ ಎತ್ತದೆ, "ನಿಂಗೆ ದೇವ್ರು ದಿಂಡ್ರು ಅಂದ್ರೆ ಆಗಲ್ಲ. ಓದಿದೋನು. ಆವತ್ತು ನೀನು ಬೇಕೂಂತಲೇ ಒದ್ದೆ, ನಂಗೊತ್ತಿಲ್ವಾ. ಓಗ್ಲಿ ಬಿಡು" ಎಂದಳು.

ಆಗ ಹೇಳಿದೆ. ಮರಳಿನಿಂದ ಹಿಡಿದು ಎಲ್ಲ ಹೇಳಿದೆ. ಮೀನು ಸತ್ತದ್ದು, ರಂಗನ ಸೀಸೆ, ಕೂಸಿನ ಬಾಯಿ, ಎಲ್ಲ. ಸೀಗಡಿಯ ವಿಷಯ ಮಾತ್ರ ಬಿಟ್ಟೆ, ಅದನ್ನು ಕೊನೆಯ ತನಕವೂ ಹೇಳಲಿಲ್ಲ. ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು.

"ಅಂಗಾದ್ರೆ ಮದ್ಯಾನದಿಂದ ಬಸ್ಸತ್ತೋಗಂಟ ನಾನು ಸಾಯ್ತೀನಿ ಅಂದ್ಕೊಂಡೇ ಕೂತಿದ್ದೆಯೇನ್ಲಾ?"

"ಹೂಂ."

"ಬಾಯೇ ಬಿಡ್ಲಿಲ್ಲ."

"ಹೆದರಿಕೆ ಆಯ್ತಮ್ಮ."

ಬೈಯುತ್ತಾಳೆ ಎಂದು ಕಾದೆ. ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡಳು. ಆಮೇಲೆ ಹಾಲಿನ ಕೈಯಲ್ಲೇ ನನ್ನ ಮೊಣಕಾಲನ್ನು ಹಿಡಿದುಕೊಂಡಳು.

"ಅಷ್ಟೊತ್ತೂ ಒಬ್ನೇ ಎದ್ರಿಕೊಂಡು ಕೂತಿದ್ದೆಯಲ್ಲೋ ನನ್ ಕಂದ. ನಂಗೆ ಏಳಿದ್ರೆ, ಇಬ್ರೂ ಎದ್ರಿಕೋಬೋದಿತ್ತಲ್ಲ."